ಎರಡು ಎಸೆತಗಳ ನಡುವೆ

ಅಮೆರಿಕದಲ್ಲಿ ಮಾರ್ಚ್ ತಿಂಗಳು ಬಂತೆಂದರೆ ಕಚೇರಿಗಳಲ್ಲಿ ಕೆಲಸದ ವೇಗ ತಗ್ಗುತ್ತದೆ. ಗುಮಾಸ್ತನಿಂದ ಅಧಿಕಾರಿಯವರೆಗೆ ಎಲ್ಲರ ಮೇಜಿನ ಮೇಲೂ ಒಂದು ಹಾಳೆ. ಅದರ ಮೇಲೆ ವಂಶವೃಕ್ಷದಂತೆ ಕವಲೊಡೆದ ಗೆರೆಗಳು; ಗೆರೆಗಳ ತುದಿಯಲ್ಲಿ 68 ಕಾಲೇಜುಗಳ ಹೆಸರುಗಳು. ಯಾವ ಕಾಲೇಜು ಯಾವುದನ್ನು ಸೋಲಿಸೀತು, ಕಟ್ಟಕಡೆಗೆ ಉಳಿಯುವುದು ಯಾವುದು ಎಂದು ಮೊದಲೇ ಊಹಿಸಿ ತುಂಬಿಸಬೇಕು. ಒಮ್ಮೆ ಸೋತ ತಂಡ ಮರುದಿನವೇ ಮನೆಗೆ. ಹೀಗೆ ಒಂದು ದೇಶವನ್ನೇ ಮೂರು ವಾರ ಕಾಲ ಹಿಡಿದು ಕೂರಿಸುವವರು ಯಾರು? ಹದಿನೆಂಟರಿಂದ ಇಪ್ಪತ್ಮೂರು ವರ್ಷದ ಕಾಲೇಜು ಹುಡುಗರು. ಅವರು ಆಡುವುದು ಬ್ಯಾಸ್ಕೆಟ್‌ಬಾಲ್.

ಈ ಆಟ ಹುಟ್ಟಿದ್ದೇ ಒಂದು ಪಾಠಶಾಲೆಯಲ್ಲಿ. 1891ರ ಡಿಸೆಂಬರಿನಲ್ಲಿ, ಮ್ಯಾಸಚೂಸೆಟ್ಸ್ ಸಂಸ್ಥಾನದ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈ.ಎಂ.ಸಿ.ಎ. ತರಬೇತಿ ಶಾಲೆಯ ಅಧ್ಯಾಪಕ ಜೇಮ್ಸ್ ನೈಸ್ಮಿತ್ ಅವರು, ಚಳಿಯ ದೆಸೆಯಿಂದ ಹೊರಗೆ ಆಡಲಾರದೆ ಚಡಪಡಿಸುತ್ತಿದ್ದ ವಿದ್ಯಾರ್ಥಿಗಳಿಗಾಗಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲಂತಸ್ತಿನ ಕಟಕಟೆಗೆ ಹೊಡೆಸಿ, 13 ನಿಯಮಗಳನ್ನು ಬರೆದರು. ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ದಕ್ಷಿಣ ಭಾರತದ ಎಷ್ಟೋ ಶಾಲೆಗಳ ಡ್ರಿಲ್ ಮಾಸ್ತರುಗಳು ಅಲ್ಲಿ ಪಳಗಿ ಬಂದವರೇ. ಹೀಗಾಗಿ ಆಟ ನಮಗೂ ಅಪರಿಚಿತವಲ್ಲ. ಆದರೆ ಕಾಲೇಜು ತಂಡವೊಂದಕ್ಕೆ ಇಡೀ ಊರು ಮನಸ್ಸನ್ನು ಒತ್ತೆಯಿಡುವ ಪರಿ ಮಾತ್ರ ನಮಗೆ ಹೊಸದು.

ಅಲ್ಲಿಯ ಕಾಲೇಜು ತಂಡದ ಅಭಿಮಾನಿ ವೃತ್ತಿಪರ ತಂಡದ ಅಭಿಮಾನಿಯಂತಲ್ಲ. ಅವನು ಅದೇ ವಿಶ್ವವಿದ್ಯಾನಿಲಯದಲ್ಲಿ ಓದಿದವನಿರಬಹುದು, ಅಥವಾ ಅದೇ ಊರಿನಲ್ಲಿ ಅಂಗಡಿಯಿಟ್ಟವನಿರಬಹುದು. ಹೊಸದಾಗಿ ಸೇರಿದ ಹುಡುಗನೊಬ್ಬ ಮೊದಲ ವರ್ಷ ಬೆಂಚಿನ ಮೇಲೆ ಕುಳಿತು ಟವೆಲ್ ಬೀಸುವುದನ್ನು ಅವನು ನೋಡುತ್ತಾನೆ. ಎರಡನೆಯ ವರ್ಷ ಆ ಹುಡುಗ ಅಂಕಣಕ್ಕಿಳಿದು ತಪ್ಪುಗಳ ಮೇಲೆ ತಪ್ಪು ಮಾಡುತ್ತಾನೆ. ಮೂರನೆಯ ವರ್ಷ ಕಾಲು ನೆಲಕ್ಕೆ ಹೊಂದಿಕೊಳ್ಳುತ್ತದೆ. ನಾಲ್ಕನೆಯ ವರ್ಷ ಅವನೇ ನಾಯಕ. ಕೊನೆಯ ಪಂದ್ಯದ ದಿನ ತಂದೆತಾಯಿಯರ ನಡುವೆ ನಿಂತು ಕಣ್ಣೊರೆಸಿಕೊಳ್ಳುತ್ತಾನೆ. ಅಭಿಮಾನಿಗೆ ಗೆಲುವು ಬೇಕು, ನಿಜ. ಆದರೆ ಪಕ್ಕದ ಮನೆಯ ಹುಡುಗ ಬೆಳೆಯುವುದನ್ನು ನೋಡುವಂಥ ಈ ನೋಟವೇ ಅವನನ್ನು ವರ್ಷ ವರ್ಷವೂ ಅದೇ ಆಸನಕ್ಕೆ ಕರೆತರುತ್ತಿತ್ತು. ಆ ನೋಟಕ್ಕೆ ಈಗ ಕುತ್ತು ಬಂದಿದೆ. ಬಂದ ಬಗೆಯನ್ನು ತಿಳಿಯಲು ವರ್ಜೀನಿಯ ವಿಶ್ವವಿದ್ಯಾನಿಲಯದ ಕಥೆಗಿಂತ ಒಳ್ಳೆಯ ಉದಾಹರಣೆ ಸಿಕ್ಕಲಾರದು.

ಗೋಡೆ ಕಟ್ಟುವ ವಿದ್ಯೆ

ಥಾಮಸ್ ಜೆಫರ್ಸನ್ 1819ರಲ್ಲಿ ಷಾರ್ಲಟ್ಸ್‌ವಿಲ್ ಊರಿನಲ್ಲಿ ಸ್ಥಾಪಿಸಿದ ವಿಶ್ವವಿದ್ಯಾನಿಲಯವಿದು. ವಿದ್ಯೆಯಲ್ಲಿ ಹೆಸರು ದೊಡ್ಡದು. ಬ್ಯಾಸ್ಕೆಟ್‌ಬಾಲಿನಲ್ಲಿ ಮಾತ್ರ ಅದೃಷ್ಟ ಕೈಕೊಡುತ್ತಲೇ ಇತ್ತು. 1979ರಿಂದ 1983ರವರೆಗೆ ಏಳಡಿ ನಾಲ್ಕಂಗುಲ ಎತ್ತರದ ರಾಲ್ಫ್ ಸ್ಯಾಂಪ್ಸನ್ ಅಲ್ಲಿ ಆಡಿದ. ಮೂರು ಬಾರಿ ದೇಶದ ಅತ್ಯುತ್ತಮ ಕಾಲೇಜು ಆಟಗಾರನೆನಿಸಿಕೊಂಡ ಅವನಿಗೂ ರಾಷ್ಟ್ರೀಯ ಪಟ್ಟ ದಕ್ಕಲಿಲ್ಲ. ಸಾಲದುದಕ್ಕೆ 1982ರ ಡಿಸೆಂಬರಿನಲ್ಲಿ ದೇಶದಲ್ಲೇ ಮೊದಲ ಸ್ಥಾನದಲ್ಲಿದ್ದ ಆ ತಂಡ, ಹವಾಯಿ ದ್ವೀಪದ ಚಾಮಿನಾಡ್ ಎಂಬ ಪುಟ್ಟ ಕಾಲೇಜಿನ ಎದುರು ಸೋತಿತು. ಆ ಹೆಸರನ್ನು ಕೇಳಿದರೆ ವರ್ಜೀನಿಯದ ಹಿರಿಯ ಅಭಿಮಾನಿಗಳು ಇಂದಿಗೂ ಮುಖ ಸಿಂಡರಿಸುತ್ತಾರೆ.

2009ರಲ್ಲಿ ಟೋನಿ ಬೆನೆಟ್ ಎಂಬ ಮಿತಭಾಷಿ ತರಬೇತುದಾರರು ಅಲ್ಲಿಗೆ ಬಂದರು. ಅವರ ತಂದೆ ಡಿಕ್ ಬೆನೆಟ್ ಕೂಡ ತರಬೇತುದಾರರೇ. ವಿಸ್ಕಾನ್ಸಿನ್ ಪ್ರಾಂತದ ಕಾಲೇಜುಗಳಲ್ಲಿ ದುಡಿಯುತ್ತ, ದೊಡ್ಡ ಪ್ರತಿಭೆಗಳು ಸಿಗದ ತಂಡಗಳಿಂದ ದೊಡ್ಡ ತಂಡಗಳನ್ನು ತಡೆಯಲು ಅವರು ಒಂದು ವ್ಯೂಹವನ್ನು ರೂಪಿಸಿದ್ದರು. ಅದಕ್ಕೆ ಪ್ಯಾಕ್ ಲೈನ್ ಎಂದು ಹೆಸರು. ತಂದೆ ರೂಪಿಸಿದ್ದನ್ನು, ತಂದೆಯ ಕೈಕೆಳಗೇ ಆಡಿ ಬೆಳೆದಿದ್ದ ಮಗ ತಿದ್ದಿ ಹದಗೊಳಿಸಿದರು.

ವ್ಯೂಹದ ಮರ್ಮ ಸರಳವಾದುದು. ಬುಟ್ಟಿಯಿಂದ ಸುಮಾರು 16 ಅಡಿ ದೂರದಲ್ಲಿ, ಮೂರಂಕದ ಗೆರೆಯ ಒಳಗಡೆ, ನೆಲದ ಮೇಲೆ ಒಂದು ಅರ್ಧವೃತ್ತವನ್ನು ಕಲ್ಪಿಸಿಕೊಳ್ಳಬೇಕು. ಬಣ್ಣದಲ್ಲಿ ಬರೆದ ಗೆರೆಯಲ್ಲ ಅದು. ಆಟಗಾರನ ತಲೆಯೊಳಗಿನ ಗೆರೆ. ಚೆಂಡು ಹಿಡಿದ ಎದುರಾಳಿಯ ಮೈಗೆ ಒಬ್ಬನೇ ಒಬ್ಬ ಅಂಟಿಕೊಂಡು ನಿಲ್ಲುತ್ತಾನೆ. ಉಳಿದ ನಾಲ್ವರೂ ಗೆರೆಯೊಳಗೆ ಒತ್ತಾಗಿ ನಿಲ್ಲುತ್ತಾರೆ. ಚೆಂಡಿನವನು ಎಡಕ್ಕೆ ನುಗ್ಗಿದರೆ ಅಲ್ಲೊಂದು ಭುಜ, ಬಲಕ್ಕೆ ನುಗ್ಗಿದರೆ ಇಲ್ಲೊಂದು ಎದೆ. ಬೇಸತ್ತು ಅವನು ಹೊರಗಿರುವ ಗೆಳೆಯನಿಗೆ ಚೆಂಡನ್ನು ಕಳಿಸಿದನೆನ್ನಿ, ಚೆಂಡು ಗಾಳಿಯಲ್ಲಿರುವಷ್ಟು ಹೊತ್ತಿನಲ್ಲೇ ಗೆರೆಯೊಳಗಿನಿಂದ ಒಬ್ಬ ಚಿಮ್ಮಿ ಹೋಗಿ ಆ ಗೆಳೆಯನ ಮುಂದೆ ಕೈಯೆತ್ತಿ ನಿಂತಿರಬೇಕು. ಇತ್ತ ಮೊದಲು ಹೊರಗಿದ್ದವನು ಒಳಗೆ ಸೇರಿರಬೇಕು. ಐವರೂ ಒಂದೇ ಹಗ್ಗಕ್ಕೆ ಕಟ್ಟಿದವರಂತೆ ಸರಿಯಬೇಕು. ಒಬ್ಬನು ಚೆಂಡು ಕಸಿದು ಹೆಸರು ಮಾಡುವ ಆಸೆಯಿಂದ ಅರ್ಧ ಹೆಜ್ಜೆ ಮುಂದೆ ಬಿದ್ದರೂ ಗೋಡೆಯಲ್ಲಿ ಬಿರುಕು.

ಇದನ್ನು ಕಲಿಯಲು ಒಂದು ವರ್ಷ ಸಾಲದು. ಪ್ರೌಢಶಾಲೆಯಲ್ಲಿ ತಾನೊಬ್ಬನೇ ಮೂವತ್ತು ಅಂಕ ಹೊಡೆದು ಬಂದ ಹುಡುಗನಿಗೆ, ಚೆಂಡಿಲ್ಲದ ಜಾಗದಲ್ಲಿ ಸರಿಯಾಗಿ ನಿಲ್ಲುವುದೂ ಆಟವೇ ಎಂದು ಮನದಟ್ಟು ಮಾಡಿಸುವುದು ಸುಲಭವಲ್ಲ. ಬೆನೆಟ್ಟರು ಅನೇಕ ಹುಡುಗರನ್ನು ಮೊದಲ ವರ್ಷ ಆಡಿಸುತ್ತಲೇ ಇರಲಿಲ್ಲ. ಆ ವರ್ಷ ಅಭ್ಯಾಸ ಮಾತ್ರ. ಆಡುವ ಹಕ್ಕಿನ ನಾಲ್ಕು ವರ್ಷಗಳಲ್ಲಿ ಅದು ಲೆಕ್ಕಕ್ಕೆ ಬಾರದು. ಮುಂದೆ ಹೆಸರು ಮಾಡಿದ ಡಿಆಂಡ್ರೆ ಹಂಟರ್, ಗಿನಿ ದೇಶದಿಂದ ಬಂದ ಮಮಾದಿ ದಿಯಾಕಿಟೆ, ನ್ಯೂಜಿಲೆಂಡಿನ ಜ್ಯಾಕ್ ಸಾಲ್ಟ್ ಮೂವರೂ ಹೀಗೆ ವರ್ಷಗಟ್ಟಲೆ ಕಾದು ಕುಳಿತವರೇ. ನಮ್ರತೆ, ಉತ್ಸಾಹ, ಒಗ್ಗಟ್ಟು, ಸೇವೆ, ಕೃತಜ್ಞತೆ ಎಂಬ ಐದು ಮಾತುಗಳನ್ನು ತಂಡದ ಐದು ಕಂಬಗಳೆಂದು ಅವರು ಬೋಧಿಸುತ್ತಿದ್ದರು. ಆಟದ ಮನೆಯ ಗೋಡೆಗಿಂತ ಮಠದ ಗೋಡೆಗೆ ಒಪ್ಪುವ ಮಾತುಗಳೆಂದು ನಕ್ಕವರಿದ್ದಾರೆ. ಆದರೆ ಆ ವ್ಯೂಹದೊಳಗೆ ನಿಂತು ನೋಡಿದರೆ ಅವು ಕೇವಲ ಉಪದೇಶವಲ್ಲ, ನೇರ ತಂತ್ರವೇ ಎಂಬುದು ತಿಳಿಯುತ್ತದೆ.

ಇಂಥ ಆಟ ಎಲ್ಲರಿಗೂ ರುಚಿಸುವಂಥದಲ್ಲ. ನೂರು ಅಂಕಗಳ ಪಂದ್ಯ ನೋಡಿ ಬೆಳೆದವರಿಗೆ 53–49ರ ಪಂದ್ಯ ಉಪ್ಪಿಲ್ಲದ ಸಾರಿನಂತೆ. ಷಾರ್ಲಟ್ಸ್‌ವಿಲ್ಲಿನ ಅಭಿಮಾನಿ ಮಾತ್ರ ಆ ರುಚಿಯನ್ನೇ ಹಚ್ಚಿಕೊಂಡಿದ್ದ. ಕಾಲೇಜು ಆಟದಲ್ಲಿ ಒಂದು ತಂಡ ಚೆಂಡು ಹಿಡಿದ 30 ಸೆಕೆಂಡುಗಳೊಳಗೆ ಬುಟ್ಟಿಯತ್ತ ಎಸೆಯಲೇಬೇಕು. ಗಡಿಯಾರ ಹತ್ತಕ್ಕಿಳಿದರೆ ಅಲ್ಲಿಯ ಪ್ರೇಕ್ಷಕರು ಎದ್ದು ನಿಲ್ಲುತ್ತಿದ್ದರು. ಎದುರಾಳಿ ದಾರಿ ಕಾಣದೆ ಕಾಲ ಮೀರಿ, ಚೆಂಡನ್ನು ಒಪ್ಪಿಸಿದಾಗ ಏಳುತ್ತಿದ್ದ ಗದ್ದಲ, ತಮ್ಮವರು ಅಂಕ ಗಳಿಸಿದಾಗಿನ ಗದ್ದಲಕ್ಕಿಂತ ಜೋರು. ಏನೂ ಆಗದಂತೆ ನೋಡಿಕೊಂಡದ್ದಕ್ಕೆ ಚಪ್ಪಾಳೆ ತಟ್ಟುವ ಪ್ರೇಕ್ಷಕವರ್ಗ ಬೇರೆಲ್ಲಿದೆಯೋ ಕಾಣೆವು.

ಅವಮಾನದ ರಾತ್ರಿ

2018ರ ಮಾರ್ಚ್ ತಿಂಗಳಲ್ಲಿ ವರ್ಜೀನಿಯ ಇಡೀ ಪಂದ್ಯಾವಳಿಯ ಮೊದಲ ಶ್ರೇಯಾಂಕದ ತಂಡ. 31 ಗೆಲುವು, ಎರಡೇ ಸೋಲು. ಎದುರಾಳಿಗೆ ಪಂದ್ಯವೊಂದಕ್ಕೆ ಸರಾಸರಿ 54ರಷ್ಟು ಅಂಕಗಳನ್ನು ಮಾತ್ರ ಬಿಟ್ಟುಕೊಡುತ್ತಿದ್ದ ತಂಡ. ಮೊದಲ ಸುತ್ತಿನಲ್ಲಿ ಎದುರಿಗೆ ಬಂದದ್ದು ಹದಿನಾರನೆಯ ಶ್ರೇಯಾಂಕದ, ಚದುರಂಗ ತಂಡಕ್ಕೆ ಹೆಸರಾದ, ಬಾಲ್ಟಿಮೋರ್ ಕೌಂಟಿಯ ಮೇರಿಲ್ಯಾಂಡ್ ವಿಶ್ವವಿದ್ಯಾನಿಲಯ. 1985ರಿಂದ ಅಲ್ಲಿಯವರೆಗೆ ಪುರುಷರ ಪಂದ್ಯಾವಳಿಯಲ್ಲಿ ಒಂದನೆಯ ಶ್ರೇಯಾಂಕದವರು ಹದಿನಾರನೆಯವರನ್ನು 135 ಬಾರಿ ಎದುರಿಸಿ 135 ಬಾರಿಯೂ ಗೆದ್ದಿದ್ದರು. (ಮಹಿಳೆಯರ ಪಂದ್ಯಾವಳಿಯಲ್ಲಿ ಮಾತ್ರ 1998ರಲ್ಲೇ ಹಾರ್ವರ್ಡ್ ಸ್ಟ್ಯಾನ್‌ಫರ್ಡನ್ನು ಕೆಡವಿತ್ತು, ಆ ಮಾತನ್ನು ಜನ ಏಕೋ ಮರೆಯುತ್ತಾರೆ.) ಹಂಟರ್ ಮಣಿಕಟ್ಟು ಮುರಿದುಕೊಂಡು ಹೊರಗೆ ಕುಳಿತಿದ್ದ. ಆದರೂ ಯಾರಿಗೂ ಸಂಶಯವಿರಲಿಲ್ಲ.

ಮಾರ್ಚ್ 16ರ ಆ ರಾತ್ರಿ ಅರ್ಧಕಾಲಕ್ಕೆ ಎರಡೂ ಕಡೆ 21. ಆ ಮೇಲೆ ಗೋಡೆ ಉರುಳಿತು. ದ್ವಿತೀಯಾರ್ಧ ಒಂದರಲ್ಲೇ ಪುಟ್ಟ ತಂಡ 53 ಅಂಕ ಬಾರಿಸಿತು, ಅಂದರೆ ವರ್ಜೀನಿಯ ಇಡೀ ಪಂದ್ಯದಲ್ಲಿ ಕೊಡುತ್ತಿದ್ದಷ್ಟು. ಜೈರಸ್ ಲೈಲ್ಸ್ ಎಂಬವನೊಬ್ಬನೇ 28. ದೂರದಿಂದ ಎಸೆದ 24ರಲ್ಲಿ 12 ಅವರಿಗೆ ಬಿದ್ದವು. ವರ್ಜೀನಿಯಕ್ಕೆ 22ರಲ್ಲಿ ನಾಲ್ಕು. ಮುಗಿದಾಗ 74–54. ಗೆದ್ದ ತಂಡದ ತರಬೇತುದಾರರ ಹೆಸರು ರಯಾನ್ ಓಡಮ್. ಆ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಸೋತವರ ಪಾಡು ಹೇಳತೀರದು. ಇಂಡಿಯಾನದ ಹುಡುಗ ಕೈಲ್ ಗೈ ತನ್ನ ಮನಸ್ಸಿನ ಕಳವಳದ ಬಗ್ಗೆ ಬಹಿರಂಗವಾಗಿಯೇ ಬರೆದುಕೊಂಡ. ಸೋಲಿನ ಕ್ಷಣದಲ್ಲಿ ತಾನು ಬಾಗಿ ನಿಂತಿದ್ದ, ಹಿಂದೆ ಎದುರಾಳಿಗಳು ಕುಣಿಯುತ್ತಿದ್ದ ಚಿತ್ರವನ್ನು ಟೆಲಿಫೋನಿನ ಮುಖದ ಮೇಲೆ ಹಾಕಿಕೊಂಡು ಓಡಾಡಿದ. ಇಂಥ ಸೋಲಿನ ಮರುದಿನ ಹುಡುಗರು ಬೇರೆ ಕಾಲೇಜಿನ ಬಾಗಿಲು ತಟ್ಟಿದ್ದರೆ ಆಶ್ಚರ್ಯವಿರಲಿಲ್ಲ. ಗೈ, ನ್ಯೂಯಾರ್ಕಿನ ಟೈ ಜೆರೋಮ್, ಹಂಟರ್, ದಿಯಾಕಿಟೆ, ಸಾಲ್ಟ್ ಎಲ್ಲರೂ ಉಳಿದರು. ಅವರ ಜೊತೆಗೆ ಆ ವರ್ಷ ಹೊಸದಾಗಿ ಬಂದವನು ಕ್ಯಾಲಿಫೋರ್ನಿಯದ ಕೀಹೇ ಕ್ಲಾರ್ಕ್. ಐದಡಿ ಒಂಬತ್ತಂಗುಲದ ಹುಡುಗ. ನಮ್ಮ ಊರಿನಲ್ಲಿ ಅದು ಕುಳ್ಳಲ್ಲ. ಆ ಅಂಕಣದಲ್ಲಿ ಬಾಲಕನಂತೆ ಕಾಣುವ ಎತ್ತರ.

ಮೊದಲನೆಯ ಎಸೆತ

2019ರ ಮಾರ್ಚ್ 30. ಲೂಯಿವಿಲ್ ನಗರ. ಉಳಿದ ಎಂಟು ತಂಡಗಳಲ್ಲಿ ವರ್ಜೀನಿಯವೂ ಒಂದು, ಎದುರಿಗೆ ಪರ್ಡ್ಯೂ. ಪರ್ಡ್ಯೂವಿನ ಕಾರ್ಸನ್ ಎಡ್ವರ್ಡ್ಸ್ ಅಂದು ಎಂಥ ಗೋಡೆಗೂ ಜಗ್ಗದೆ ಒಬ್ಬನೇ 42 ಅಂಕ ಹೊಡೆದಿದ್ದ. ಆರು ಸೆಕೆಂಡೂ ಉಳಿದಿಲ್ಲ. ವರ್ಜೀನಿಯ 67, ಪರ್ಡ್ಯೂ 70. ಜೆರೋಮ್‌ಗೆ ಎರಡು ಫ್ರೀ ಥ್ರೋ. ಮೊದಲನೆಯದು ಬಿತ್ತು. ಎರಡನೆಯದು ತಪ್ಪಿತು. ಗುಂಪಿನ ನಡುವೆ ದಿಯಾಕಿಟೆ ಹಾರಿ ಚೆಂಡನ್ನು ತಟ್ಟಿದ. ಅದು ಹಿಂದಕ್ಕೆ ಹಾರಿ, ನಡುಗೆರೆ ದಾಟಿ, ತಮ್ಮದೇ ಬುಟ್ಟಿಯತ್ತ ಉರುಳತೊಡಗಿತು.

ಅದರ ಹಿಂದೆ ಓಡಿದವನು ಕ್ಲಾರ್ಕ್. ಚೆಂಡು ಹಿಡಿದು ತಿರುಗಿದಾಗ ಮೂರು ಸೆಕೆಂಡು ಉಳಿದಿದ್ದಿರಬೇಕು. ಸಾಮಾನ್ಯ ಹುಡುಗನಾಗಿದ್ದರೆ ಅಲ್ಲಿಂದಲೇ ಕಣ್ಣುಮುಚ್ಚಿ ಬುಟ್ಟಿಯತ್ತ ಎಸೆಯುತ್ತಿದ್ದ. ಪಕ್ಕದಲ್ಲೇ ಜೆರೋಮ್ ಚೆಂಡು ಕೊಡೆಂದು ಕೈಯೊಡ್ಡಿದ್ದ. ಕ್ಲಾರ್ಕ್ ಅವನನ್ನೂ ನೋಡಲಿಲ್ಲ. ಅಂಕಣದ ಆ ತುದಿಯಲ್ಲಿ ಬುಟ್ಟಿಯ ಸಮೀಪ ನಿಂತಿದ್ದ ದಿಯಾಕಿಟೆಗೆ, ನಲವತ್ತಡಿಯಷ್ಟು ದೂರ, ಚೆಂಡನ್ನು ನೇರವಾಗಿ ಕಳಿಸಿದ. ದಿಯಾಕಿಟೆ ಹಿಡಿದೊಡನೆ ಬಿಟ್ಟ. ಚೆಂಡು ಗಾಳಿಯಲ್ಲಿದ್ದಾಗ ಬುಟ್ಟಿಯ ಹಿಂದಿನ ದೀಪ ಕೆಂಪಾಯಿತು. ಚೆಂಡು ಒಳಗೆ ಬಿತ್ತು. 70–70. ಹೆಚ್ಚುವರಿ ಐದು ನಿಮಿಷಗಳಲ್ಲಿ ವರ್ಜೀನಿಯ 80–75ರಿಂದ ಗೆದ್ದಿತು. ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಮೂರು ಸೆಕೆಂಡುಗಳಲ್ಲಿ ಅಷ್ಟನ್ನು ಯೋಚಿಸಿದನೆಂಬುದನ್ನು ಅಭಿಮಾನಿಗಳು ಇಂದಿಗೂ ನಂಬಲಾರರು.

ಮುಂದಿನದೂ ಉಸಿರು ಬಿಗಿಹಿಡಿದು ಕೇಳುವಂಥದೇ. ಏಪ್ರಿಲ್ 6ರಂದು ಮಿನಿಯಾಪೊಲಿಸ್‌ನಲ್ಲಿ ಆಬರ್ನ್ ಎದುರು ಎರಡು ಅಂಕ ಹಿಂದಿದ್ದಾಗ, 0.6 ಸೆಕೆಂಡು ಉಳಿದಿರುವಂತೆ ಕೈಲ್ ಗೈಗೆ ಮೂರು ಫ್ರೀ ಥ್ರೋಗಳು ಸಿಕ್ಕವು. ಮೂರನ್ನೂ ಹಾಕಿದ, 63–62. (ಅದಕ್ಕೆ ಸ್ವಲ್ಪ ಮುಂಚೆ ಜೆರೋಮ್ ಎರಡನೆಯ ಸಲ ಚೆಂಡು ಪುಟಿಸಿದ್ದನ್ನು ತೀರ್ಪುಗಾರರು ಗಮನಿಸಲಿಲ್ಲವೆಂದು ಆಬರ್ನಿನವರ ದೂರು ಇಂದಿಗೂ ಇದೆ. ದೂರಿನಲ್ಲಿ ಹುರುಳಿಲ್ಲದೆಯೂ ಇಲ್ಲ.) ಏಪ್ರಿಲ್ 8ರ ಅಂತಿಮ ಪಂದ್ಯದಲ್ಲಿ, ರಕ್ಷಣೆಗೇ ಹೆಸರಾದ ಮತ್ತೊಂದು ತಂಡವಾದ ಟೆಕ್ಸಸ್ ಟೆಕ್ ಎದುರು ಮೂರು ಅಂಕ ಹಿಂದಿದ್ದಾಗ ಹಂಟರ್ ಮೂಲೆಯಿಂದ ಎಸೆದು ಸಮ ಮಾಡಿದ. ಕಳೆದ ವರ್ಷ ಕೈಗೆ ಕಟ್ಟು ಹಾಕಿಸಿಕೊಂಡು ಕುಳಿತಿದ್ದವನು ಅಂದು 27 ಅಂಕ ಗಳಿಸಿದ. ಕೊನೆಯ ಗಳಿಗೆಯಲ್ಲಿ ಎದುರಾಳಿಯ ಎಸೆತವನ್ನು ಹಾರಿ ತಡೆದವನು ಬ್ರಾಕ್ಸ್‌ಟನ್ ಕೀ. ಹೆಚ್ಚುವರಿ ಆಟದ ನಂತರ 85–77. ಸ್ಯಾಂಪ್ಸನ್ನನಿಗೆ ದಕ್ಕದ ಪಟ್ಟ ವರ್ಜೀನಿಯಕ್ಕೆ ದಕ್ಕಿತು.

ಆ ಬ್ರಾಕ್ಸ್‌ಟನ್ ಕೀ ಎಂಬವನು ಅಲಬಾಮ ವಿಶ್ವವಿದ್ಯಾನಿಲಯದಿಂದ ಹಿಂದಿನ ವರ್ಷವಷ್ಟೇ ವರ್ಜೀನಿಯಕ್ಕೆ ವಲಸೆ ಬಂದವನು! ಕಾಲೇಜು ಬದಲಿಸುವ ಆಟಗಾರರನ್ನು ಬೈಯಹೊರಟ ಅಭಿಮಾನಿ ಈ ಒಂದು ಸಂಗತಿಯನ್ನು ನೆನೆದು ನಾಲಿಗೆ ಕಚ್ಚಿಕೊಳ್ಳಬೇಕಾಗುತ್ತದೆ.

ತೆರೆದ ಬಾಗಿಲು

ಆ ಪಟ್ಟದ ನಂತರ ಹಂಟರ್, ಜೆರೋಮ್, ಗೈ ಮೂವರೂ ವೃತ್ತಿಪರ ತಂಡಗಳಿಗೆ ಆಯ್ಕೆಯಾಗಿ ಹೊರಟರು. ಅದಕ್ಕೆ ಯಾರೂ ಕೊರಗಲಿಲ್ಲ. ಮಗಳ ಮದುವೆಯಾದಾಗಿನ ಅಳುವಿನಂಥದು ಅದು. ಕಾಲೇಜು ಆಟದ ನೆಲವೇ ಕದಲಿದ್ದು ಬೇರೆ ಕಡೆಯಿಂದ.

ಹಿಂದೆ ಆಟಗಾರನೊಬ್ಬ ಒಂದು ವಿಶ್ವವಿದ್ಯಾನಿಲಯ ಬಿಟ್ಟು ಇನ್ನೊಂದಕ್ಕೆ ಹೋದರೆ, ವಿಶೇಷ ವಿನಾಯಿತಿ ಸಿಕ್ಕದ ಹೊರತು ಒಂದು ವರ್ಷ ಆಡದೆ ಕೂರಬೇಕಿತ್ತು. 2018ರ ಅಕ್ಟೋಬರಿನಲ್ಲಿ ಹೊರಡಬಯಸುವವರ ಹೆಸರುಗಳನ್ನು ದಾಖಲಿಸುವ ಪಟ್ಟಿಯೊಂದನ್ನು ಆರಂಭಿಸಿದರು. 2021ರ ಏಪ್ರಿಲ್‌ನಲ್ಲಿ, ಒಂದು ಸಲ ಕಾಲೇಜು ಬದಲಿಸಿದರೆ ಕೂರಬೇಕಾಗಿಲ್ಲ ಎಂದಾಯಿತು. 2024ರಲ್ಲಿ ಎಷ್ಟು ಸಲ ಬದಲಿಸಿದರೂ ಅಡ್ಡಿಯಿಲ್ಲ, ಓದಿನಲ್ಲಿ ಸರಿಯಾಗಿದ್ದರೆ ಸಾಕು ಎಂದಾಯಿತು. ಇದರ ಜೊತೆಗೆ 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರಗಳ ಬಳಕೆಗೆ ಹಣ ಪಡೆಯುವ ಹಕ್ಕನ್ನು ಗಳಿಸಿದರು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯ ಪ್ರಕಾರ ವಿಶ್ವವಿದ್ಯಾನಿಲಯಗಳೇ ನೇರವಾಗಿ ಆಟಗಾರರಿಗೆ ಹಣ ಕೊಡಬಹುದಾಯಿತು. ಮೊದಲ ವರ್ಷದ ಮಿತಿ, ವಿಶ್ವವಿದ್ಯಾನಿಲಯವೊಂದರ ಎಲ್ಲ ಆಟಗಳೂ ಸೇರಿ, ಸುಮಾರು 2 ಕೋಟಿ 5 ಲಕ್ಷ ಡಾಲರು.

ಇದರಲ್ಲಿ ಅನ್ಯಾಯವೇನಿದೆ? ಹುಡುಗರ ಬೆವರಿನಿಂದ ದೂರದರ್ಶನ ಸಂಸ್ಥೆಗಳೂ, ಕಾಲೇಜುಗಳೂ, ತರಬೇತುದಾರರೂ ದಶಕಗಳ ಕಾಲ ಕೋಟಿಗಟ್ಟಲೆ ಗಳಿಸಿದರು. ಹುಡುಗನಿಗೆ ವಿದ್ಯಾರ್ಥಿವೇತನ, ವಸತಿ, ಊಟ. ತರಬೇತುದಾರನಾದರೋ ಇಂದು ಒಂದು ಕಾಲೇಜು ಬಿಟ್ಟು ನಾಳೆ ಇನ್ನೊಂದಕ್ಕೆ ಹೋಗಬಹುದಿತ್ತು; ಅವನು ಒಂದು ವರ್ಷ ಸುಮ್ಮನೆ ಕೂರಬೇಕೆಂಬ ನಿಯಮ ಎಂದೂ ಇರಲಿಲ್ಲ. ಬೆನೆಟ್ಟರೂ ವಾಷಿಂಗ್‌ಟನ್ ಸ್ಟೇಟ್ ವಿಶ್ವವಿದ್ಯಾನಿಲಯವನ್ನು ಬಿಟ್ಟು ಬಂದವರೇ. ಹುಡುಗನ ಕಾಲಿಗೆ ಮಾತ್ರ ಹಗ್ಗ ಕಟ್ಟಿದ್ದ ನಿಯಮ ಸಡಿಲವಾದದ್ದು ನ್ಯಾಯವೇ ಸರಿ.

ಆದರೆ ಅಭಿಮಾನಿಯ ಲೆಕ್ಕ ನ್ಯಾಯಾಲಯದ ಲೆಕ್ಕವಲ್ಲ. ಪ್ರತಿ ವರ್ಷ ವಸಂತದಲ್ಲಿ ಅವನು ತನ್ನ ತಂಡದ ಹೆಸರುಗಳನ್ನು ಹೊಸದಾಗಿ ಕಲಿಯಬೇಕು. ಕಳೆದ ಚಳಿಗಾಲದಲ್ಲಿ ಕೂಗಿ ಕರೆದ ಹುಡುಗ ಈ ಚಳಿಗಾಲದಲ್ಲಿ ಎದುರಾಳಿಯ ಬಣ್ಣದ ಬಟ್ಟೆ ತೊಟ್ಟು ಅದೇ ಅಂಕಣಕ್ಕೆ ಬಂದಾನು; ವರ್ಜೀನಿಯದಲ್ಲಿ ಮೂರು ವರ್ಷ ಆಡಿದ ಐಸಾಕ್ ಮೆಕ್‌ನೀಲಿ 2025ರಲ್ಲಿ ಅದೇ ಒಕ್ಕೂಟದ ಲೂಯಿವಿಲ್ ತಂಡಕ್ಕೆ ಸೇರಿದ. ಅವನು ಬಂದಾಗ ಚಪ್ಪಾಳೆ ತಟ್ಟುವುದೋ, ಹೀಗಳೆಯುವುದೋ? ಇದಕ್ಕಿಂತ ಇಕ್ಕಟ್ಟಿನದು ಇನ್ನೊಂದಿದೆ. ಅನೇಕ ಕಾಲೇಜುಗಳಲ್ಲಿ ಅಭಿಮಾನಿಗಳೇ ಚಂದಾ ಕೂಡಿಸಿ ಆಟಗಾರರಿಗೆ ಹಣ ಒದಗಿಸುವ ಸಂಘಗಳು ಎದ್ದವು. ನಿನ್ನೆಯವರೆಗೆ ಬರೀ ಪ್ರೇಕ್ಷಕನಾಗಿದ್ದವನು ಇಂದು ಒಂದು ಬಗೆಯ ಧಣಿ. ಹಣ ಕೊಟ್ಟವನ ಕಣ್ಣಿಗೆ ಹುಡುಗ ತಪ್ಪಿಸಿದ ಎಸೆತ ಹುಡುಗಾಟದ ತಪ್ಪಾಗಿ ಕಾಣುವುದಿಲ್ಲ, ನಷ್ಟವಾಗಿ ಕಾಣುತ್ತದೆ. ಕಾಲೇಜು ಆಟ ಕಳೆದುಕೊಂಡ ವಸ್ತುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಈ ಕ್ಷಮೆಯೇ ಎಂದು ತೋರುತ್ತದೆ.

ರಕ್ಷಣೆಗೆ ಬಿದ್ದ ಪೆಟ್ಟು ಇನ್ನೂ ನೇರವಾದುದು. ಎಸೆಯುವ ಕೈಚಳಕವನ್ನು ಹುಡುಗ ತನ್ನ ಜೊತೆಯಲ್ಲೇ ಹೊತ್ತು ತರುತ್ತಾನೆ. ಬಂದ ದಿನವೇ ಅದು ಉಪಯೋಗಕ್ಕೆ ಬರುತ್ತದೆ. ಐವರು ಒಂದೇ ಹಗ್ಗದಲ್ಲಿ ಸರಿಯುವ ವಿದ್ಯೆಯನ್ನು ಯಾರೂ ಹೊತ್ತು ತರಲಾರರು. ಜೊತೆಗಾರನ ಉಸಿರಾಟ ತಿಳಿಯುವಷ್ಟು ಕಾಲ ಜೊತೆಯಲ್ಲಿರಬೇಕು. ಮೊದಲ ವರ್ಷ ಸುಮ್ಮನೆ ಕಾದು ಕಲಿ ಎಂದು ಹೇಳಿದರೆ, ನಾಳೆಯೇ ಆಡಿಸುತ್ತೇವೆ ಬಾ ಎನ್ನುವ ಹತ್ತು ಕಾಲೇಜುಗಳು ಹುಡುಗನಿಗೆ ಕಾದಿವೆ. ಹಾಗೆಂದು ವಲಸೆ ಬಂದವರೆಲ್ಲ ವ್ಯೂಹ ಕಲಿಯಲಾರರೆಂದಲ್ಲ. ಮಾರ್ಕೆಟ್ ವಿಶ್ವವಿದ್ಯಾನಿಲಯದಿಂದ ಬಂದ ಸ್ಯಾಮ್ ಹೌಸರ್ ಒಂದು ಇಡೀ ವರ್ಷ ಆಡದೆ ಕುಳಿತು ಕಲಿತು, ಮರುವರ್ಷ ಆಡಿ, ಮುಂದೆ 2024ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದೊಡನೆ ವೃತ್ತಿಪರ ಪಟ್ಟವನ್ನೇ ಗೆದ್ದ. ಹಳೆಯ ನಿಯಮ ಅವನಿಗೆ ದಂಡವೂ ಆಗಿತ್ತು, ಗುರುಕುಲವೂ ಆಗಿತ್ತು.

ಎರಡನೆಯ ಎಸೆತ

ಈ ಎಲ್ಲ ಬಂದು ಹೋಗುವವರ ನಡುವೆ ಕೀಹೇ ಕ್ಲಾರ್ಕ್ ಇದ್ದಲ್ಲೇ ಇದ್ದ. 2020ರಲ್ಲಿ ಕೊರೋನಾ ಪಿಡುಗಿನಿಂದ ಪಂದ್ಯಾವಳಿಯೇ ನಡೆಯಲಿಲ್ಲ. 2021ರಲ್ಲಿ ಓಹಾಯೊ ವಿಶ್ವವಿದ್ಯಾನಿಲಯದ ಎದುರು ಮೊದಲ ಸುತ್ತಿನಲ್ಲೇ ಸೋಲು. 2022ರಲ್ಲಿ ಪಂದ್ಯಾವಳಿಗೆ ಕರೆಯೇ ಬರಲಿಲ್ಲ. ಪಿಡುಗಿನ ಕಾರಣ ಎಲ್ಲ ಆಟಗಾರರಿಗೂ ಒಂದು ಹೆಚ್ಚಿನ ವರ್ಷ ಸಿಕ್ಕಿತ್ತು. ಐದನೆಯ ವರ್ಷವೂ ಆಡುತ್ತೇನೆಂದು ಕ್ಲಾರ್ಕ್ ಉಳಿದ. ಈ ಕುಳ್ಳನನ್ನು ಇನ್ನೆಷ್ಟು ದಿನ ನೋಡುವುದು, ಎತ್ತರದವನನ್ನು ತರಬಾರದೇ ಎಂದು ಗೊಣಗಿದ ಅಭಿಮಾನಿಗಳು ಇಲ್ಲದಿರಲಿಲ್ಲ. ಅಭಿಮಾನ ಎಂಬುದು ಹೀಗೆಯೇ: ಹೋದವನನ್ನು ದ್ರೋಹಿ ಎನ್ನುತ್ತದೆ, ಉಳಿದವನನ್ನು ಹಳಸಲು ಎನ್ನುತ್ತದೆ. ಕ್ಲಾರ್ಕ್ ಆ ವರ್ಷ, ಗೆಳೆಯರಿಗೆ ಅಂಕ ಗಳಿಸಿಕೊಟ್ಟ ಪಾಸ್‌ಗಳ ಲೆಕ್ಕದಲ್ಲಿ ವರ್ಜೀನಿಯದ ಸಾರ್ವಕಾಲಿಕ ದಾಖಲೆಯನ್ನು ಮುರಿದ. ತಂಡ ತನ್ನ ಒಕ್ಕೂಟದಲ್ಲಿ ಮಯಾಮಿಯೊಡನೆ ಅಗ್ರಸ್ಥಾನ ಹಂಚಿಕೊಂಡಿತು.

ಮಾರ್ಚ್ 16, 2023. ಮೊದಲ ಅವಮಾನಕ್ಕೆ ಅಂದಿಗೆ ಸರಿಯಾಗಿ ಐದು ವರ್ಷ. ಫ್ಲಾರಿಡದ ಒರ್ಲ್ಯಾಂಡೊ ನಗರದಲ್ಲಿ, ನಾಲ್ಕನೆಯ ಶ್ರೇಯಾಂಕದ ವರ್ಜೀನಿಯಕ್ಕೆ ಹದಿಮೂರನೆಯ ಶ್ರೇಯಾಂಕದ ಫರ್ಮನ್ ಎದುರು. ಕೆಲವೇ ಸೆಕೆಂಡುಗಳು ಉಳಿದಿವೆ. ವರ್ಜೀನಿಯ 67, ಫರ್ಮನ್ 65. ಚೆಂಡು ಕ್ಲಾರ್ಕನ ಕೈಯಲ್ಲಿ. ಅದಕ್ಕಿಂತ ಭದ್ರವಾದ ಕೈ ಆ ತಂಡದಲ್ಲಿ ಇರಲಿಲ್ಲ. ಚೆಂಡನ್ನು ಅಪ್ಪಿಕೊಂಡು ನಿಂತಿದ್ದರೆ ಎದುರಾಳಿ ಫೌಲ್ ಮಾಡಲೇಬೇಕಿತ್ತು.

ಇಬ್ಬರು ಅವನನ್ನು ಮೂಲೆಗೆ ಒತ್ತರಿಸಿದರು. ಅವರ ಎತ್ತಿದ ಕೈಗಳ ಮೇಲಿಂದ ಅವನಿಗೆ ಏನೂ ಕಾಣದು. ಕ್ಲಾರ್ಕ್ ಚೆಂಡನ್ನು ನಡುಗೆರೆಯತ್ತ ಎತ್ತಿ ಎಸೆದ. ಅಲ್ಲಿ ತನ್ನವರು ಯಾರೂ ಇರಲಿಲ್ಲ. ಫರ್ಮನ್‌ನ ಗ್ಯಾರೆಟ್ ಹೀನ್ ಅದನ್ನು ಹಿಡಿದು ಜೆ. ಪಿ. ಪೆಗ್ಯೂಸ್‌ಗೆ ಕೊಟ್ಟ, ಅವನು ಮೂರಂಕದ ಗೆರೆಯ ಹೊರಗಿನಿಂದ ಎಸೆದದ್ದು ನೇರವಾಗಿ ಬುಟ್ಟಿಗೆ. ಎರಡು ಸೆಕೆಂಡಿನಷ್ಟು ಉಳಿದಿರುವಾಗ 68–67. ಅದೇ ಕೈ, ಹಾಗೆಯೇ ಅಂಕಣದುದ್ದಕ್ಕೆ ಎಸೆದ ಪಾಸು. ನಾಲ್ಕು ವರ್ಷದ ಹಿಂದೆ ಮೊದಲ ವರ್ಷದ ಹುಡುಗನ ಕಣ್ಣಿಗೆ ಕಂಡ ದಾರಿ, ಐದು ವರ್ಷ ಪಳಗಿದ ಹಿರಿಯನ ಕಣ್ಣಿಗೆ ಕಾಣಲಿಲ್ಲ. ಅದೇ ಅವನ ಕಾಲೇಜು ಜೀವನದ ಕೊನೆಯ ಪಂದ್ಯ.

ಆ ರಾತ್ರಿ ಕ್ಲಾರ್ಕನನ್ನು ದೂರಿದವರಿದ್ದರು. ಆದರೆ ವರ್ಜೀನಿಯದ ಅಭಿಮಾನಿಗಳಲ್ಲಿ ಹೆಚ್ಚಿನವರು ಬಹಳ ದಿನ ದೂರಲಾರದೆ ಹೋದರು. ಲೂಯಿವಿಲ್‌ನ ಆ ಎಸೆತವನ್ನು ನೆನೆಯದೆ ಒರ್ಲ್ಯಾಂಡೊದ ಈ ಎಸೆತವನ್ನು ನೆನೆಯುವುದು ಅವರಿಗೆ ಸಾಧ್ಯವಿರಲಿಲ್ಲ. ಒಂದೇ ವರ್ಷ ಬಂದು ಹೋಗುವವನಾಗಿದ್ದರೆ ಜನರ ನೆನಪಿನಲ್ಲಿ ಉಳಿಯುತ್ತಿದ್ದುದು ಆ ಒಂದೇ ತಪ್ಪು. ಐದು ವರ್ಷ ಇದ್ದವನಾದ್ದರಿಂದ ಅದರ ಪಕ್ಕದಲ್ಲಿ ಇಡಲು ಇನ್ನೆಷ್ಟೋ ಇತ್ತು.

ಬೆನೆಟ್ಟರ ತಂಡ 2019ರ ಬಳಿಕ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2024ರ ಮಾರ್ಚ್‌ನಲ್ಲಿ ಕೊಲೊರಾಡೊ ಸ್ಟೇಟ್ ಎದುರು 67–42ರ ಸೋಲು. ಇಡೀ ಪಂದ್ಯದಲ್ಲಿ 42! ಅಷ್ಟಾದರೂ ಬೆನೆಟ್ಟರು ಬೇಸಿಗೆಯಲ್ಲಿ ಹೊಸ ಒಪ್ಪಂದಕ್ಕೆ ಒಪ್ಪಿದ್ದರು. ಹೀಗಿರುವಾಗ ಅದೇ ಅಕ್ಟೋಬರಿನಲ್ಲಿ, ಆಟದ ಋತು ಆರಂಭವಾಗಲು ಮೂರು ವಾರ ಮಾತ್ರವಿರುವಂತೆ, 55 ವರ್ಷದ ಅವರು ನಿವೃತ್ತಿಯನ್ನು ಸಾರಿದರು. ಆಟಗಾರರು ಹಣ ಪಡೆಯುವುದು ಸರಿಯೆಂದೇ ಅವರು ಹೇಳಿದರು. ಆದರೆ ಈ ಹೊಸ ವ್ಯವಸ್ಥೆಯಲ್ಲಿ ಕೆಲಸ ನಡೆಸಲು ತಕ್ಕ ವ್ಯಕ್ತಿ ತಾವಲ್ಲವೆಂದರು. 2019ರಲ್ಲಿ ತಮಗೆ ಕೊಡಬಂದ ಸಂಬಳದ ಏರಿಕೆಯನ್ನು ಬೇಡವೆಂದು ಸಹಾಯಕರಿಗೆ ಕೊಡಿಸಿದ್ದವರು ಅವರು; ಹಣದಾಸೆಯ ಮಾತನ್ನು ಅವರ ಮೇಲೆ ಯಾರೂ ಹೊರಿಸಲಾರರು. ಆದರೂ ಅವರನ್ನು ನಂಬಿ ಸೇರಿದ ಹುಡುಗರನ್ನು ಋತುವಿನ ಹೊಸ್ತಿಲಲ್ಲಿ ಬಿಟ್ಟು ಹೋದದ್ದು ಸರಿಯೇ ಎಂಬ ಪ್ರಶ್ನೆ ಅಭಿಮಾನಿಗಳ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಉಳಿಯಬೇಕಾದದ್ದೇ. ಆಟಗಾರ ಹೊರಟರೆ ಕೇಳುವ ಪ್ರಶ್ನೆಯನ್ನು ಗುರು ಹೊರಟಾಗಲೂ ಕೇಳಬೇಕಷ್ಟೆ. ಸಹಾಯಕ ರಾನ್ ಸ್ಯಾಂಚೆಜ್ ಆ ವರ್ಷ ತಂಡವನ್ನು ನಡೆಸಿದರು; 15 ಗೆಲುವು, 17 ಸೋಲು.

2025ರ ಮಾರ್ಚ್‌ನಲ್ಲಿ ವರ್ಜೀನಿಯ ಹೊಸ ತರಬೇತುದಾರರನ್ನು ಆರಿಸಿತು. ಅವರೇ ರಯಾನ್ ಓಡಮ್, 2018ರ ಆ ರಾತ್ರಿ ಗೋಡೆ ಉರುಳಿಸಿದವರು! ಅವರೂ ಆ ಊರಿಗೆ ಹೊಸಬರಲ್ಲ. ತಂದೆ ಡೇವ್ ಓಡಮ್ 1980ರ ದಶಕದಲ್ಲಿ ವರ್ಜೀನಿಯದ ಸಹಾಯಕ ತರಬೇತುದಾರರಾಗಿದ್ದಾಗ ಬಾಲಕ ರಯಾನ್ ಅದೇ ತಂಡಕ್ಕೆ ಚೆಂಡು ಎತ್ತಿಕೊಡುತ್ತಿದ್ದವನು. ಅವರು ಬರುವ ಹೊತ್ತಿಗೆ ಹಳೆಯ ತಂಡ ಹೆಚ್ಚುಕಡಮೆ ಚದುರಿಹೋಗಿತ್ತು. ಬೇರೆ ಬೇರೆ ಕಾಲೇಜುಗಳಿಂದ ವಲಸಿಗರನ್ನೂ, ಬೆಲ್ಜಿಯಮ್ಮಿನಿಂದ ಥೈಸ್ ಡಿ ರಿಡರ್, ಜರ್ಮನಿಯಿಂದ ಯೊಹಾನ್ ಗ್ರೂನ್ಲೊ ಎಂಬ ಹುಡುಗರನ್ನೂ ಕರೆತಂದು ಅವರು ಹೊಸ ತಂಡ ಕಟ್ಟಿದರು. 2025ರ ನವೆಂಬರಿನಲ್ಲಿ ಋತು ಆರಂಭವಾದಾಗ ಷಾರ್ಲಟ್ಸ್‌ವಿಲ್ಲಿನ ಹಳೆಯ ಅಭಿಮಾನಿಗಳು ಎಂದಿನಂತೆ ತಮ್ಮ ಆಸನಗಳಲ್ಲಿ ಬಂದು ಕುಳಿತರು; ಅಂಕಣದಲ್ಲಿದ್ದವರ ಹೆಸರು ತಿಳಿಯಲು ಮಾತ್ರ ಬೆನ್ನಮೇಲಿನ ಅಕ್ಷರಗಳನ್ನು ಓದಿಕೊಳ್ಳಬೇಕಾಯಿತು.